ಜಡೆ ಬಿಚ್ಚಿಕೊಂಡು ಬರತಕ್ಕದ್ದು

ಅರ್ನೆಟಾ ಗೇನ್ಸ್ ಮಾಡುವ ಕೆಲಸ ತಲೆ ಅಳೆಯುವುದು. ಅಮೆರಿಕದ ಮೆಂಫಿಸ್ಸಿನ ಒಂದು ದೊಡ್ಡ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಇಪ್ಪತ್ತೈದು ವರ್ಷಗಳಿಂದ ದಿನಕ್ಕೆ ನಾಲ್ಕೈದು ತಲೆ ಅಳೆಯುತ್ತಾ ಬಂದಿದ್ದಾಳೆ. ಮೂಗಿನ ಬುಡದ ತಗ್ಗಿನಿಂದ ಹಿಂತಲೆಯ ಉಬ್ಬಿನವರೆಗೆ ಒಂದು ಅಳತೆ, ಕಿವಿಯಿಂದ ಕಿವಿಗೆ ಇನ್ನೊಂದು, ಆಮೇಲೆ ಸುತ್ತಳತೆ. ಅದನ್ನು ಹತ್ತನೇ ಒಂದು, ಐದನೇ ಒಂದು ಎಂದು ಭಾಗ ಮಾಡಿ, ಕೆಂಪು ಮೇಣದ ಪೆನ್ಸಿಲಿನಿಂದ ತಲೆಯ ಚರ್ಮದ ಮೇಲೆ ಗುರುತು ಹಾಕಿ, ಒಂದೊಂದು ಗುರುತಿನ ಮೇಲೂ ಅಂಗಿಯ ಗುಂಡಿಯಷ್ಟು ದೊಡ್ಡ ಲೋಹದ ಬಿಲ್ಲೆಯನ್ನು ಬಿಳಿ ಅಂಟು ಹಚ್ಚಿ ಕೂರಿಸಬೇಕು. ಒಟ್ಟು ಇಪ್ಪತ್ತೊಂದು ಬಿಲ್ಲೆ, ಇಪ್ಪತ್ತೊಂದು ತಂತಿ. ಮೆದುಳಿನಲ್ಲಿ ಏಳುವ ಸಣ್ಣ ವಿದ್ಯುತ್ತು ಆ ತಂತಿಗಳಲ್ಲಿ ಹರಿದು ಬಂದು ಪರದೆಯ ಮೇಲೆ ಅಲೆಅಲೆಯ ಗೆರೆಯಾಗುತ್ತದೆ. ಮೂರ್ಛೆ ಬರುವವರಿಗೆ, ಕಾರಣವಿಲ್ಲದೆ ಕುಸಿದು ಬಿದ್ದವರಿಗೆ ಈ ಪರೀಕ್ಷೆ. ನೋವಿಲ್ಲ, ಸೂಜಿಯಿಲ್ಲ. ಬಿಲ್ಲೆ ನೇರವಾಗಿ ಚರ್ಮಕ್ಕೆ ತಾಗಬೇಕು, ಷರತ್ತು ಅದೊಂದೇ.

ಆ ಷರತ್ತಿನಿಂದಾಗಿ ರೋಗಿಗಳ ಮನೆಗೆ ಮೊದಲೇ ಹೋಗುವ ಸೂಚನೆಯ ಹಾಳೆಯಲ್ಲಿ ನಾಲ್ಕನೇ ಸಾಲು ಹೀಗಿತ್ತು: ‘ಜಡೆ, ಚೌರಿ ಇದ್ದಲ್ಲಿ ಸಂಪೂರ್ಣ ಬಿಚ್ಚಿಕೊಂಡು ಬರತಕ್ಕದ್ದು. ತಪ್ಪಿದಲ್ಲಿ ಪರೀಕ್ಷೆ ರದ್ದಾಗುವುದು.’

ಅದನ್ನು ಬರೆದವರ ಜಡೆ ಒಂದು ರಬ್ಬರ್ ಬ್ಯಾಂಡ್ ಎಳೆದರೆ ಬಿಚ್ಚಿಕೊಳ್ಳುತ್ತಿತ್ತೇನೋ. ಅರ್ನೆಟಾ ಹುಟ್ಟಿ ಬೆಳೆದ ಕಪ್ಪು ಜನರ ಕೇರಿಯಲ್ಲಿ ಒಂದು ತಲೆಯ ಜಡೆ ಬಿಚ್ಚಲು ಒಂದು ಸಂಜೆ ಬೇಕು, ತೊಳೆದು ಸಿಕ್ಕು ಬಿಡಿಸಿ ಮತ್ತೆ ಹೆಣೆಯಲು ಒಂದು ಶನಿವಾರ ಪೂರ್ತಿ ಬೇಕು. ಆ ಬಿಗಿ ಸುರುಳಿಯ ಕೂದಲು ಒದ್ದೆಯಾದರೆ ಮೂರನೇ ಒಂದು ಪಾಲಿಗೆ ಕುಗ್ಗುತ್ತದೆ. ಬಿಚ್ಚಿದ ತಲೆಯಲ್ಲಿ ಹಗಲು ಹೊತ್ತು ಎರಡು ಬಸ್ಸು ಬದಲಾಯಿಸಿ ಆಸ್ಪತ್ರೆಗೆ ಬಂದರೆ, ಬಾಗಿಲಲ್ಲೇ ಒಂದು ಜೊತೆ ಕಣ್ಣು ಮೇಲಿಂದ ಕೆಳಗೆ ಇಳಿದು ಹೋಗುತ್ತದೆ. ಹಾಗಾಗಿ ಜನ ಬಿಚ್ಚದೇ ಬರುತ್ತಿದ್ದರು. ಪರೀಕ್ಷೆ ರದ್ದಾಗುತ್ತಿತ್ತು. ಮುಂದಿನ ತಾರೀಖು ಏಳು ವಾರದ ಆಚೆ.

ಅರ್ನೆಟಾ ಇದಕ್ಕೊಂದು ದಾರಿ ಕಂಡುಕೊಂಡಿದ್ದಳು. ಇಪ್ಪತ್ತೊಂದು ಬಿಲ್ಲೆಗಳೂ ಹೆಚ್ಚುಕಡಿಮೆ ಹಣೆಯಿಂದ ಹಿಂದಕ್ಕೆ ಹೋಗುವ ಐದು ಸಾಲುಗಳಲ್ಲಿ ಬರುತ್ತವೆ: ನಡುವೆ ಒಂದು, ಅದರ ಎಡಬಲಕ್ಕೆ ಎರಡೆರಡು. ಐದು ಬೈತಲೆ ತೆಗೆದು, ತಲೆಗೆ ಅಂಟಿದಂತೆ ಆರು ಸಾಲುಜಡೆ ಹೆಣೆದರೆ ಬಿಲ್ಲೆಗಳು ಬೈತಲೆಯ ಮೇಲೇ ಕೂರುತ್ತವೆ. ಒಂದು ಎಳೆಯನ್ನೂ ಬಿಚ್ಚಬೇಕಿಲ್ಲ. ತನ್ನ ಪಟ್ಟಿಯಲ್ಲಿದ್ದ ರೋಗಿಗಳ ಹೆಸರು ಮತ್ತು ಬೀದಿ ನೋಡಿದರೆ ಯಾರದು ಇಂಥ ಕೂದಲು ಎಂದು ಅವಳಿಗೆ ತಿಳಿಯುತ್ತಿತ್ತು. ನಾಲ್ಕೈದು ದಿನ ಮುಂಚೆ ತನ್ನದೇ ಫೋನಿನಿಂದ ಅವರ ಮನೆಗೆ ಕರೆ ಮಾಡಿ ಹೇಗೆ ಹೆಣೆಯಬೇಕೆಂದು ಹೇಳುತ್ತಿದ್ದಳು. ಹೆಣೆಯುವವರು ಸಿಗದಿದ್ದರೆ ತಂಗಿ ಲವರ್ನ್ ಹತ್ತಿರ ಕಳಿಸುತ್ತಿದ್ದಳು. ಆದರೆ ಇದು ಯಾವ ನಿಯಮದಲ್ಲೂ ಇರಲಿಲ್ಲ. ವಿಭಾಗದಲ್ಲಿ ನಾಲ್ವರು ತಂತ್ರಜ್ಞರಿದ್ದರು. ಉಳಿದ ಮೂವರ ಪಟ್ಟಿಯಲ್ಲಿದ್ದವರಿಗೆ ಹಾಳೆಯೇ ಗತಿ.

ಹಾಳೆಯನ್ನು ಬರೆದು ಸಹಿ ಹಾಕುವವರು ವಿಭಾಗದ ಮುಖ್ಯ ತಂತ್ರಜ್ಞರು. ಆ ಜಾಗ ಈಗ ಖಾಲಿಯಾಗಿತ್ತು. ಅರ್ನೆಟಾ ಅರ್ಜಿ ಹಾಕಿದ್ದು ಇದು ಮೂರನೇ ಸಲ. ಹಿಂದಿನ ಎರಡು ಸಲವೂ ಜಾಗ ಸಿಕ್ಕಿದ್ದು ಅವಳೇ ಕೆಲಸ ಕಲಿಸಿದವರಿಗೆ. ಐವತ್ತೆರಡರ ಮಂಡಿಗೆ ಕುರ್ಚಿ ಬೇಕಾಗಿತ್ತು, ಅದನ್ನೇನೂ ಅವಳು ಮುಚ್ಚಿಡುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಆ ನಾಲ್ಕನೇ ಸಾಲನ್ನು ತಿದ್ದುವ ಅಧಿಕಾರ ಬೇಕಾಗಿತ್ತು. ಸಂದರ್ಶನ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ.

ಭಾನುವಾರ ಚರ್ಚು ಮುಗಿಸಿ, ಊಟ ಮುಗಿಸಿ, ಲವರ್ನಳ ಅಡುಗೆಮನೆಯಲ್ಲಿ ಅರ್ನೆಟಾ ಗಿಡ್ಡ ಸ್ಟೂಲಿನ ಮೇಲೆ ಕೂತಿದ್ದಳು. ಲವರ್ನ್ ಹಿಂದೆ ಕುರ್ಚಿಯಲ್ಲಿ ಕೂತು, ಅಕ್ಕನ ತಲೆಯನ್ನು ಮೊಣಕಾಲುಗಳ ನಡುವೆ ಹಿಡಿದುಕೊಂಡು ಬಾಚಣಿಗೆಯ ಬಾಲದಿಂದ ಬೈತಲೆ ತೆಗೆಯುತ್ತಿದ್ದಳು. ಒಲೆಯ ಮೇಲೆ ಹಂದಿಯ ಕಾಲು ಹಾಕಿ ಬೇಯಿಸಿದ ಸೊಪ್ಪು ಇನ್ನೂ ಬಿಸಿಯಾಗಿತ್ತು.

“ಈ ಕಡೆ ಕಣತಲೆ ಮೇಲೆ ಮತ್ತೆ ಉದುರಿದೆ,” ಅಂದಳು ಲವರ್ನ್. “ಇಲ್ಲಿ ಬೆರಳಿಟ್ರೆ ಬರೀ ಚರ್ಮ. ಪೌಲೆಟ್ ಕಚ್ಚಿದಾಳೆ.”

ಪೌಲೆಟ್ ಅಂದರೆ ಅರ್ನೆಟಾಳ ವಿಗ್. ಭುಜದವರೆಗೆ ಇಳಿಯುವ, ಕಂದು ಬಣ್ಣದ, ಹಣೆಯ ಮೇಲೆ ಕತ್ತರಿಸಿದ ಮುಂಗುರುಳಿನ ವಿಗ್. ಆ ಹೆಸರಿಟ್ಟವಳು ಲವರ್ನ್. ಆರೇಳು ವರ್ಷಗಳಿಂದ ಪೌಲೆಟ್ ವಾರದಲ್ಲಿ ಐದು ದಿನ ಕೆಲಸಕ್ಕೆ ಹೋಗಿ ಬರುತ್ತಿದ್ದಳು. ಚರ್ಚಿಗೆ, ಅಂಗಡಿಗೆ ಹೋಗುತ್ತಿರಲಿಲ್ಲ. ಸಂಜೆ ಮನೆಗೆ ಬಂದ ತಕ್ಷಣ ಕನ್ನಡಿಯ ಮುಂದಿನ ಫೋಮ್ ತಲೆಯ ಮೇಲೆ ಹೋಗಿ ಕೂರುತ್ತಿದ್ದಳು.

“ಸುಮ್ನೆ ಹೆಣಿ. ಬಿಗಿ ಮಾಡ್ಬೇಡ.”

“ಬಿಗಿ ಮಾಡ್ದಿದ್ರೆ ಅವಳು ಉಬ್ಕೊಂಡು ಕೂರ್ತಾಳೆ. ಎಷ್ಟು ಸಾಲು?”

“ನಿಂಗೊತ್ತಲ್ಲ.”

“ಆರು. ಗೊತ್ತು ತಾಯಿ. ಈ ಕೇರೀಲಿ ಅರ್ಧ ಜನರ ತಲೆ ಆಸ್ಪತ್ರೆ ನಕ್ಷೆ ಥರ ಆಗೋಗಿದೆ. ಮೊನ್ನೆ ಒಬ್ಬಳು ಮದುವೇಗೆ ಹೆಣೀರಿ ಅಂದ್ರೆ, ಕೈ ತಾನಾಗೇ ಐದು ಬೈತಲೆ ತೆಗೆದ್ಬಿಡ್ತು.” ಲವರ್ನ್ ನಕ್ಕಳು. ಆಮೇಲೆ ನಗು ನಿಲ್ಲಿಸಿ, “ಮಂಗಳವಾರ ಪೌಲೆಟ್ಟೇ ಹೋಗೋದಾ?” ಎಂದು ಕೇಳಿದಳು.

“ಮತ್ತಿನ್ಯಾರು? ಈ ತಲೇಲಿ ಹೋಗ್ಲಾ?”

“ನಾನೇನೂ ಅನ್ಲಿಲ್ಲಪ್ಪ.”

ಲವರ್ನ್ ಏನೂ ಅನ್ನದಿದ್ದಕ್ಕೆ ಕಾರಣ ಇಬ್ಬರಿಗೂ ಗೊತ್ತಿತ್ತು. ಇದೇ ಸ್ಟೂಲಿನ ಮೇಲೆ ಶನಿವಾರ ಸಂಜೆಗಳಲ್ಲಿ ಅವರ ತಾಯಿ ಒಡೆಸಾ ಕಬ್ಬಿಣದ ಬಾಚಣಿಗೆಯನ್ನು ಒಲೆಯ ಉರಿಯಲ್ಲಿ ಕಾಯಿಸಿ ಇಬ್ಬರ ಕೂದಲನ್ನೂ ನೆಟ್ಟಗೆ ಮಾಡುತ್ತಿದ್ದಳು. “ಕಿವಿ ಹಿಡ್ಕೋ, ಅಲ್ಲಾಡ್ಬೇಡ,” ಎನ್ನುತ್ತಿದ್ದಳು. ಅರ್ನೆಟಾ ಒಮ್ಮೆ ಅಲ್ಲಾಡಿದ್ದಳು. ಬಲಗಿವಿಯ ಮೇಲಂಚಿನಲ್ಲಿ ಆ ಕಲೆ ಇನ್ನೂ ಇದೆ. ಒಡೆಸಾ ಒಂದು ಆಸ್ಪತ್ರೆಯ ಬಟ್ಟೆ ಒಗೆಯುವ ಮನೆಯಲ್ಲಿ ದುಡಿದವಳು. ಮಕ್ಕಳು ಮೇಲಿನ ಮಹಡಿಯಲ್ಲಿ ಕೆಲಸ ಮಾಡಬೇಕು, ತಲೆ ನೋಡಿ ಯಾರೂ ಬೆರಳು ತೋರಿಸಬಾರದು, ಎರಡೇ ಅವಳ ಆಸೆ.

ಅರ್ನೆಟಾ ಮೇಲಿನ ಮಹಡಿಗೆ ಬಂದ ಮೊದಲ ತಿಂಗಳು ಕೂದಲನ್ನು ಇದ್ದ ಹಾಗೇ, ಗುಂಡಗೆ ಕತ್ತರಿಸಿಕೊಂಡಿದ್ದಳು. ಆಗಿನ ಮುಖ್ಯಸ್ಥೆ ಅವಳನ್ನು ಪಕ್ಕಕ್ಕೆ ಕರೆದು, ಬಹಳ ಮೆತ್ತಗೆ, ‘ರೋಗಿಗಳು ಮೊದಲೇ ಗಾಬರಿಯಾಗಿರ್ತಾರೆ, ನೋಡಿ’ ಎಂದಿದ್ದರು. ಅಷ್ಟೇ. ಅದಾದ ಮೇಲೆ ಎಂಟು ವಾರಕ್ಕೊಮ್ಮೆ ಕೂದಲು ನೆಟ್ಟಗೆ ಮಾಡುವ ಕ್ಷಾರದ ಮುಲಾಮು. ಹಚ್ಚುವ ಹಿಂದಿನ ದಿನ ತಲೆ ಕೆರೆದುಕೊಂಡಿದ್ದರೆ ಆ ಜಾಗವೆಲ್ಲ ಸುಟ್ಟು ಹುಣ್ಣಾಗುತ್ತಿತ್ತು. ಹಾಗೆ ಹದಿನೇಳು ವರ್ಷ ಕಳೆದು, ಕಣತಲೆಯ ಕೂದಲು ಉದುರಿ, ಚರ್ಮದ ಡಾಕ್ಟರು ಸಾಕು ನಿಲ್ಲಿಸಿ ಎಂದ ಮೇಲೆ ಪೌಲೆಟ್ ಬಂದಳು.

ಮಂಗಳವಾರ ಅರ್ನೆಟಾಳ ಬೆಳಗಿನ ಪಟ್ಟಿಯನ್ನು ಸಂದರ್ಶನಕ್ಕೆಂದು ಖಾಲಿ ಬಿಟ್ಟಿದ್ದರು. ಎಂಟು ಗಂಟೆಗೆ ಅವಳು ತನ್ನ ನೋಟುಬುಕ್ಕು ತೆರೆದು ಕೂತಿದ್ದಾಗ ಹೊರಗಿನಿಂದ ಬ್ರಿನ್‌ಳ ಧ್ವನಿ ಕೇಳಿಸಿತು. ಬ್ರಿನ್ ಇಪ್ಪತ್ತಾರರ ತಂತ್ರಜ್ಞೆ, ಕೆಲಸಕ್ಕೆ ಬಂದು ಎರಡು ವರ್ಷ, ಒಳ್ಳೆಯ ಹುಡುಗಿ.

“ದಯವಿಟ್ಟು ಕ್ಷಮಿಸಿ ಮ್ಯಾಮ್. ಹಾಳೇಲಿ ಬರೆದಿತ್ತಲ್ಲ. ನಾನು ಇನ್ನೊಂದು ತಾರೀಖು ಕೊಡ್ಬಹುದು, ಅಷ್ಟೇ.”

ಅರ್ನೆಟಾ ಕಣ್ಣು ಮುಚ್ಚಿಕೊಂಡಳು. ಒಂದು, ಎರಡು, ಮೂರು ಎಣಿಸಿದಳು. ಆಮೇಲೆ ಎದ್ದು ಹೋದಳು.

ಹೊರಗೆ ಎಪ್ಪತ್ತರ ಆಸುಪಾಸಿನ ಹೆಂಗಸೊಬ್ಬಳು ಚರ್ಚಿನ ಟೋಪಿ, ಇಸ್ತ್ರಿಯ ಉಡುಪು ತೊಟ್ಟು ನೆಟ್ಟಗೆ ಕೂತಿದ್ದಳು. ಪಕ್ಕದಲ್ಲಿ ಒಂಬತ್ತು ವರ್ಷದ ಹುಡುಗಿ. ಹುಡುಗಿಯ ತಲೆಯ ಮೇಲೆ ಹೊಚ್ಚಹೊಸ ಜಡೆಗಳು: ಕಿವಿಯ ಹತ್ತಿರ ಶುರುವಾಗಿ ಶಂಖದ ಹಾಗೆ ಸುತ್ತಿ ಸುತ್ತಿ ನೆತ್ತಿಗೇರಿ, ಅಲ್ಲಿ ಚೌರಿ ಸೇರಿಸಿದ ದಪ್ಪ ತುರುಬಾಗಿ, ತುದಿಗೆ ಬಿಳಿ ಮಣಿ. ಅಲುಗಿದರೆ ಮಣಿಗಳು ಟಕಟಕ ಅನ್ನುತ್ತಿದ್ದವು. ಇಪ್ಪತ್ತೆರಡು ಜಡೆ, ಒಂದೂ ಸೊಟ್ಟಗಿಲ್ಲ. ಕನಿಷ್ಠ ಆರು ಗಂಟೆಯ ಕೆಲಸ ಎಂದು ಅರ್ನೆಟಾ ಲೆಕ್ಕ ಹಾಕಿದಳು.

“ನಾನು ಅರ್ನೆಟಾ ಗೇನ್ಸ್, ಮ್ಯಾಮ್. ತಮ್ಮ ಹೆಸರು?”

“ಒಜೆಲಾ ಪ್ರೂಯಿಟ್. ಇವಳು ನನ್ನ ಮೊಮ್ಮಗಳು ಜಮಾಯಾ.” ಹೆಂಗಸು ಸ್ವರ ತಗ್ಗಿಸಿದಳು. “ನಾನೇನು ತಪ್ಪು ಮಾಡ್ದೆ ಅಂತ ಗೊತ್ತಾಗ್ತಿಲ್ಲ ಮಗಳೇ. ಶನಿವಾರ ಇಡೀ ದಿನ ನನ್ನ ಸೊಸೆ ಕೂತು ಹೆಣೆದ್ಳು. ದೊಡ್ಡಾಸ್ಪತ್ರೆಗೆ ಬರೋದು, ಮಗು ತಲೆ ಹೇಗ್ಹೇಗೋ ಇದ್ರೆ ಏನಂತಾರೆ? ಅಜ್ಜಿ ನೋಡ್ಕೊಳ್ಳಲ್ಲ ಅಂತ ಬರ್ಕೊಳ್ತಾರೆ. ಬರ್ಕೊಂಡು ಯಾರ್ಯಾರಿಗೋ ಹೇಳ್ತಾರೆ.”

“ಹಾಳೆ ಬಂದಿತ್ತಲ್ವಾ, ಮಿಸ್ ಒಜೆಲಾ?”

“ಬಂತು. ಓದ್ದೆ. ಬಿಚ್ಚಿಕೊಂಡು ಬನ್ನಿ ಅಂತಿತ್ತು. ಬಿಚ್ಚಿದ ತಲೇಲಿ ಮಗೂನ ಬಸ್ಸಲ್ಲಿ ಕೂರಿಸ್ಕೊಂಡು ಬರೋದಾ? ಯಾರೋ ಬೇರೆಯೋರಿಗೆ ಬರೆದಿರೋದು ತಪ್ಪಿ ಬಂದಿದೆ ಅಂದ್ಕೊಂಡೆ.”

ಬ್ರಿನ್ ಮುಖ ಕೆಂಪಾಗಿ ಗಡಿಯಾರ ನೋಡುತ್ತಾ ನಿಂತಿದ್ದಳು. ಅರ್ನೆಟಾಳೂ ನೋಡಿದಳು. ಎಂಟೂ ಹತ್ತು.

“ಏನಾಗ್ತಿದೆ ಇವಳಿಗೆ?”

“ಇದ್ದಕ್ಕಿದ್ದ ಹಾಗೆ ಎಲ್ಲೋ ಹೋಗ್ಬಿಡ್ತಾಳೆ. ಕಣ್ಣು ತೆರೆದೇ ಇರುತ್ತೆ, ಆಳು ಇಲ್ಲ. ಕರೆದ್ರೆ ಮಾತಿಲ್ಲ. ಟೀಚರ್ ಅಂತಾರೆ, ಬೇಕಂತಲೇ ಕೇಳಿಸ್ಕೊಳ್ಳಲ್ಲ, ಸೊಕ್ಕು ಅಂತ. ಎರಡು ಸಲ ಕ್ಲಾಸಿಂದ ಹೊರಗೆ ಹಾಕಿದಾರೆ.”

“ಬ್ರಿನ್, ಎರಡನೇ ಕೋಣೆ ಖಾಲಿ ಇದೆಯಾ?”

“ಇದೆ. ಆದ್ರೆ ಅರ್ನೆಟಾ, ನಿಮ್ಗೆ ಹತ್ತು ಗಂಟೆಗೆ…”

“ಗೊತ್ತು ಕಣಮ್ಮ. ಬಿಸಿನೀರು ತಂದ್ಕೊಡು.”

ಕೋಣೆಯಲ್ಲಿ ಅರ್ನೆಟಾ ಮೊದಲು ಅಳೆದಳು. ಶಂಖದ ಸುತ್ತಿನ ಬೈತಲೆಗಳು ಹನ್ನೆರಡು ಗುರುತುಗಳ ಮೇಲೆ ತಾವಾಗಿಯೇ ಹಾದುಹೋಗಿದ್ದವು. ಉಳಿದ ಒಂಬತ್ತು ಗುರುತು ಜಡೆಯ ಅಡಿಗೆ ಬಿದ್ದಿದ್ದವು. ಒಂಬತ್ತು ಜಡೆಯನ್ನು ಮಾತ್ರ, ಬುಡದ ಹತ್ತಿರ ಮಾತ್ರ ಬಿಚ್ಚಿದರೆ ಸಾಕು. ಹುಡುಗಿ ಅದನ್ನು ಕೇಳಿದ್ದೇ ತಡ, ಎರಡೂ ಕೈಯಿಂದ ತಲೆ ಮುಚ್ಚಿಕೊಂಡಳು.

“ಬಿಚ್ಬೇಡಿ! ಶುಕ್ರವಾರ ಸ್ಕೂಲಲ್ಲಿ ಫೋಟೋ ಇದೆ.”

“ನಾನೇ ವಾಪಸ್ ಹೆಣೆದು ಕೊಡ್ತೀನಿ.”

“ನಿಮ್ಗೆ ಬರಲ್ಲ. ನಿಮ್ದು ನೆಟ್ಟಗಿರೋ ಕೂದ್ಲು.”

ಅರ್ನೆಟಾ ಬಾಗಿಲು ಮುಚ್ಚಿದೆಯೇ ಎಂದು ನೋಡಿದಳು. ಎಡಗಿವಿಯ ಮೇಲೆ ಎರಡು ಬೆರಳಿಟ್ಟು ವಿಗ್ಗಿನ ಅಂಚನ್ನು ಮೇಲೆತ್ತಿ ತೋರಿಸಿದಳು. ಒಳಗೆ ಲವರ್ನ್ ಹೆಣೆದ ಸಾಲುಜಡೆ.

“ಇವಳ ಹೆಸರು ಪೌಲೆಟ್. ಯಾರಿಗೂ ಹೇಳ್ಬಾರ್ದು.”

ಹುಡುಗಿಯ ಬಾಯಿ ತೆರೆದುಕೊಂಡಿತು. ಮೂಲೆಯಲ್ಲಿ ಕೂತಿದ್ದ ಒಜೆಲಾ ಕೈಚೀಲದಲ್ಲಿ ಮುಖವಿಟ್ಟು ನಕ್ಕಳು. “ನನ್ನವಳ ಹೆಸರು ಬರ್ನಿಸ್,” ಅಂದಳು. “ಈಸ್ಟರಿಗೆ ಮಾತ್ರ ಬರ್ತಾಳೆ.”

ಆಮೇಲೆ ಕೆಲಸ ಸುಲಭವಾಯಿತು. ಇಪ್ಪತ್ತೊಂದು ಬಿಲ್ಲೆಗಳೂ ಕೂತವು. ಚರ್ಮಕ್ಕೂ ಬಿಲ್ಲೆಗೂ ನಡುವಿನ ವಿದ್ಯುತ್ ತಡೆ ಐದು ಸಾವಿರ ಓಮ್ ಮೀರಬಾರದು. ಅರ್ನೆಟಾ ಒಂದೊಂದನ್ನೂ ಪರೀಕ್ಷಿಸಿ, ಮೀರಿದ್ದ ಎರಡನ್ನು ತೆಗೆದು ಮತ್ತೆ ಕೂರಿಸಿದಳು. ಇಪ್ಪತ್ತು ನಿಮಿಷ ಕಣ್ಣು ಮುಚ್ಚು, ತೆರೆ. ಮಿನುಗುವ ದೀಪ. ಕೊನೆಗೆ ಒಂದು ಕಾಗದದ ಗಿರಿಗಿಟ್ಲೆ ಕೈಗೆ ಕೊಟ್ಟು, “ನಿಲ್ಲಿಸದೆ ಊದ್ತಾ ಇರು,” ಎಂದಳು.

ಒಂದು ನಿಮಿಷ ನಲವತ್ತು ಸೆಕೆಂಡಿಗೆ ಗಿರಿಗಿಟ್ಲೆ ನಿಂತಿತು. ಹುಡುಗಿಯ ಕಣ್ಣು ತೆರೆದೇ ಇತ್ತು, ರೆಪ್ಪೆ ಸಣ್ಣಗೆ ಅದುರುತ್ತಿತ್ತು. ಪರದೆಯ ಮೇಲೆ ಅಷ್ಟೂ ಗೆರೆಗಳು ಒಂದೇ ಸಲಕ್ಕೆ ಎದ್ದವು. ಮೊನೆ, ಅಲೆ, ಮೊನೆ, ಅಲೆ, ಸೆಕೆಂಡಿಗೆ ಮೂರು.

“ಹಳದಿ ಬಾತುಕೋಳಿ,” ಎಂದಳು ಅರ್ನೆಟಾ ಸ್ಪಷ್ಟವಾಗಿ.

ಹನ್ನೊಂದು ಸೆಕೆಂಡು. ಗೆರೆಗಳು ಇಳಿದವು. ಹುಡುಗಿ ಏನೂ ಆಗದವಳಂತೆ ಮತ್ತೆ ಊದತೊಡಗಿದಳು.

“ಜಮಾಯಾ, ಈಗ ನಾನು ಏನಂದೆ ಹೇಳು?”

“ಊದು ಅಂದ್ರಿ.”

“ಬೇರೆ ಏನಾದ್ರೂ?”

“ಇಲ್ಲ ಮ್ಯಾಮ್.”

ಒಜೆಲಾ ಬಾತುಕೋಳಿಯ ಮಾತನ್ನು ಕೇಳಿಸಿಕೊಂಡಿದ್ದಳು. ಕೈಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದು, “ಅದೇನಾ ಮಗಳೇ?” ಎಂದಳು. “ಸೊಕ್ಕಲ್ಲ ತಾನೆ?”

ಹೇಳುವ ಅಧಿಕಾರ ಅರ್ನೆಟಾಳಿಗೆ ಇರಲಿಲ್ಲ. ಇಪ್ಪತ್ತೈದು ವರ್ಷಗಳಿಂದ ಗೊತ್ತಿದ್ದೂ ಹೇಳದೆ ಕೂರುವುದು ಅವಳ ಕೆಲಸದ ಒಂದು ಭಾಗ. ಅದೂ ಮಂಡಿಯಂತೆಯೇ ನೋಯುತ್ತದೆ. “ಡಾಕ್ಟರ್ ನೋಡಿ ಹೇಳ್ಬೇಕು ಮ್ಯಾಮ್. ಇವತ್ತೇ, ಈಗ್ಲೇ ನೋಡೋ ಹಾಗೆ ಕಳಿಸ್ತೀನಿ,” ಎಂದಳು. ಆಮೇಲೆ, “ತಾವು ಬಂದಿದ್ದು ಒಳ್ಳೇದಾಯ್ತು,” ಎಂದಷ್ಟೇ ಸೇರಿಸಿದಳು. ಒಜೆಲಾ ಅವಳ ಮುಖವನ್ನೇ ನೋಡಿ, ಅರ್ಥವಾದವಳಂತೆ ತಲೆಯಾಡಿಸಿದಳು.

ಬಿಲ್ಲೆ ತೆಗೆದಾಗ ಒಂಬತ್ತೂ ಮೂವತ್ತೈದು. ಹುಡುಗಿಯ ತಲೆಯ ಒಂದು ಪಕ್ಕ ಅಂಟು ಮೆತ್ತಿ, ಬಿಚ್ಚಿದ ಕೂದಲು ಎದ್ದು ನಿಂತಿತ್ತು. ಒಜೆಲಾ ಹೆಣೆಯಲು ಎದ್ದಳು, ಆದರೆ ಅವಳ ಬೆರಳಿನ ಗಿಣ್ಣುಗಳು ಊದಿದ್ದವು; ಒಂದು ಎಳೆ ಹಿಡಿದು ಬಿಟ್ಟುಬಿಟ್ಟಳು. ಸದ್ದಿಲ್ಲದೆ ತನ್ನ ಟೋಪಿ ತೆಗೆದು ಮೊಮ್ಮಗಳ ತಲೆಗೆ ಇಡಲು ನೋಡಿದಳು.

“ಕೂತ್ಕೊಳ್ಳಿ ಮಿಸ್ ಒಜೆಲಾ. ಮಾತು ಕೊಟ್ಟಿದ್ದೀನಿ.”

ಅರ್ನೆಟಾ ಬಿಸಿನೀರಿನಲ್ಲಿ ಅಂಟು ತೊಳೆದು, ಒಂಬತ್ತು ಜಡೆಯ ಬುಡವನ್ನು ಒಂದೊಂದಾಗಿ ಹೆಣೆದಳು. ಒಂದಕ್ಕೆ ಎರಡೂವರೆ ನಿಮಿಷ. ಕೊನೆಯದು ಮುಗಿದಾಗ ಜಮಾಯಾ ಕನ್ನಡಿ ನೋಡಿಕೊಂಡು, ಪರವಾಗಿಲ್ಲ ಎಂಬಂತೆ ತಲೆಯಾಡಿಸಿದಳು. ಆಮೇಲೆ ಕೈ ಚಾಚಿ, “ಥ್ಯಾಂಕ್ಯೂ, ಪೌಲೆಟ್,” ಎನ್ನುತ್ತಾ ಅರ್ನೆಟಾಳ ಮುಂಗುರುಳನ್ನು ಸವರಿದಳು. ಅಷ್ಟೂ ಹೊತ್ತು ಆಟಕ್ಕೆಂದು ಅಂಟಿನ ಡಬ್ಬಿಯಲ್ಲಿ ಅದ್ದಿಟ್ಟುಕೊಂಡಿದ್ದ ಕೈ ಅದು.

ಹತ್ತೂ ಐದು. ಕೈತೊಳೆಯುವ ಬೇಸಿನ್ನಿನ ಮುಂದೆ ಅರ್ನೆಟಾ ವಿಗ್ಗಿನ ಮುಂಭಾಗವನ್ನು ನೀರಲ್ಲಿ ಉಜ್ಜಿದಳು. ಅಂಟು ಹೋಗಲಿಲ್ಲ, ಹರಡಿತು. ಮುಂಗುರುಳು ಒದ್ದೆ ಬೆಕ್ಕಿನ ಬಾಲದ ಹಾಗೆ ಗಂಟುಗಂಟಾಗಿ ಹಣೆಗೆ ಅಂಟಿಕೊಂಡಿತು. ವಿಗ್ಗಿನ ಅಂಚು ಉಜ್ಜಿ ಕಣತಲೆಯಲ್ಲಿ ಆಗಿದ್ದ ಹುಣ್ಣಿಗೆ ನೀರು ತಾಗಿ ಚುರ್ ಎಂದಿತು. ಕನ್ನಡಿಯಲ್ಲಿದ್ದ ಹೆಂಗಸನ್ನು ಅವಳು ಸುಮಾರು ಹೊತ್ತು ನೋಡಿದಳು. ಆಗ ಅವಳ ಮನಸ್ಸಿನಲ್ಲಿ ಧೈರ್ಯವೆಂದು ಕರೆಯಬಹುದಾದದ್ದು ಏನೂ ಇರಲಿಲ್ಲ. ಸಾಕಾಗಿತ್ತು. ಒಂದು ಚೀಲ ಕೆಳಗಿಟ್ಟ ಹಾಗೆ ಪೌಲೆಟ್‌ಳನ್ನು ತೆಗೆದು, ಕಾಗದದ ಟವೆಲಿನಲ್ಲಿ ಸುತ್ತಿ, ಊಟದ ಡಬ್ಬಿಯ ಚೀಲಕ್ಕೆ ಹಾಕಿ, ನೋಟುಬುಕ್ಕು ತೆಗೆದುಕೊಂಡು ನಡೆದಳು.

ಮೇಜಿನ ಆಚೆ ಮೂವರಿದ್ದರು: ವ್ಯವಸ್ಥಾಪಕಿ ಮಿಸೆಸ್ ಹಾಲ್ವರ್ಸನ್, ನರರೋಗದ ಡಾಕ್ಟರ್ ಸಾರ್ಕಿಸ್, ಸಿಬ್ಬಂದಿ ವಿಭಾಗದ ಒಬ್ಬ ಯುವಕ. ಮೂವರ ಕಣ್ಣೂ ಒಂದೇ ಸಲಕ್ಕೆ ಅವಳ ಹಣೆಯಿಂದ ಮೂರಂಗುಲ ಮೇಲಕ್ಕೆ ಹೋಗಿ ಕೆಳಗಿಳಿದವು.

“ಅರ್ನೆಟಾ! ಗುರುತೇ ಸಿಗ್ಲಿಲ್ಲ ನೋಡಿ,” ಎಂದರು ಹಾಲ್ವರ್ಸನ್. “ಕೂದಲು ಬದಲಾಯಿಸಿಬಿಟ್ಟಿದ್ದೀರಿ.”

“ಇಲ್ಲ ಮ್ಯಾಮ್. ನನ್ನ ಕೂದಲು ಇದೇ. ತಡವಾಯ್ತು, ಕ್ಷಮಿಸಿ. ಒಂದು ಮಗುವಿನ ಪರೀಕ್ಷೆ ಇತ್ತು.”

“ಪರವಾಗಿಲ್ಲ, ಪರವಾಗಿಲ್ಲ. ತುಂಬ… ಧೈರ್ಯ ನಿಮ್ದು.” ಹಾಲ್ವರ್ಸನ್ ಪೆನ್ನನ್ನು ಹಾಳೆಗೆ ನೇರವಾಗಿ ಇಟ್ಟರು. “ನಾನು ಸ್ನೇಹದಿಂದ ಹೇಳ್ತಿದ್ದೀನಿ, ತಪ್ಪು ತಿಳ್ಕೋಬೇಡಿ. ಮುಖ್ಯಸ್ಥರ ಫೋಟೋ ಕೆಳಗೆ ಬೋರ್ಡಲ್ಲಿ ಇರುತ್ತೆ. ಬಂದೋರು ಮೊದಲು ನೋಡೋದು ಅದನ್ನೇ. ಈ ಹುದ್ದೆಗೆ ಒಂದು… ಗಾಂಭೀರ್ಯ ಅಂತ ಇರುತ್ತಲ್ವಾ.”

ಅರ್ನೆಟಾ ಕೂತಳು. ಮಂಡಿ ಲಟಕ್ ಎಂದಿತು. “ಇರುತ್ತೆ ಮ್ಯಾಮ್,” ಎಂದಳು.

ಯುವಕ ಗಂಟಲು ಸರಿಮಾಡಿಕೊಂಡು ಬರೆದಿಟ್ಟ ಪ್ರಶ್ನೆ ಓದಿದ: ರದ್ದಾಗುವ ಪರೀಕ್ಷೆಗಳನ್ನು ಕಡಿಮೆ ಮಾಡಲು ನಿಮ್ಮ ಸಲಹೆ ಏನು?

ನೋಟುಬುಕ್ಕು ತೆರೆಯುವ ಅಗತ್ಯವೇ ಇರಲಿಲ್ಲ. “ಹದಿನಾಲ್ಕು ತಿಂಗಳಲ್ಲಿ ತೊಂಬತ್ತಾರು ರದ್ದಾಗಿವೆ. ಅದರಲ್ಲಿ ನಲವತ್ತೊಂದಕ್ಕೆ ಕಾರಣ ‘ಕೂದಲು’ ಅಂತ ಬರೆದಿದೆ. ಆ ನಲವತ್ತೊಂದರಲ್ಲಿ ನಲವತ್ತು ಜನ ನಮ್ಮೋರು, ಕಪ್ಪು ಜನ. ಮೂವತ್ತೆರಡು ಹೆಂಗಸರು, ಮಕ್ಕಳು. ಹಾಳೆ ಬಿಚ್ಚಿಕೊಂಡು ಬನ್ನಿ ಅನ್ನುತ್ತೆ. ನಮ್ಮ ಮನೆಗಳಲ್ಲಿ ಆಸ್ಪತ್ರೆಗೆ ಹೋಗೋಕೆ ಅಂತಲೇ ಜಡೆ ಹಾಕಿಸ್ತಾರೆ. ಜಡೆ ಇಲ್ದೆ ಬಂದ್ರೆ ನಿಮ್ಮಂಥೋರು ಏನಂದ್ಕೋತಾರೋ ಅನ್ನೋ ಭಯ.”

ಹಾಲ್ವರ್ಸನ್, “ಇದು ಸ್ವಲ್ಪ ವೈಯಕ್ತಿಕ ವಿಷಯ ಆಯ್ತೇನೋ,” ಎಂದರು.

“ಜಡೆ ಇಟ್ಕೊಂಡೇ ಮಾಡೋಕೆ ಆಗುತ್ತಾ?” ಡಾಕ್ಟರ್ ಸಾರ್ಕಿಸ್ ಮಾತಾಡಿದ್ದು ಇದೇ ಮೊದಲು.

“ಆಗುತ್ತೆ ಸರ್. ಐದು ಬೈತಲೆ, ಆರು ಜಡೆ.” ನಕ್ಷೆ ಬರೆದು ತಂದಿದ್ದಳು, ಆದರೆ ಅದು ಎರಡನೇ ಕೋಣೆಯಲ್ಲೇ ಉಳಿದಿತ್ತು. ಹಾಗಾಗಿ ಅವಳು ಎದ್ದು ಮೇಜಿನ ಮೇಲೆ ಬಾಗಿ, ತನ್ನ ತಲೆಯನ್ನೇ ಡಾಕ್ಟರ ಮುಂದೆ ಹಿಡಿದು, ಬೆರಳಿಟ್ಟು ತೋರಿಸಿದಳು. “ನಡುವಿನ ಸಾಲು ಇದು. ಇದರಲ್ಲಿ ಮೂರು ಬಿಲ್ಲೆ. ಇಲ್ಲಿ ಐದು, ಈ ಕಡೆ ಐದು. ಕಿವಿ ಮೇಲಿನ ಸಾಲಲ್ಲಿ ಮೂರು, ಆ ಕಡೆ ಮೂರು. ಕಿವಿಗೆ ಎರಡು. ಆಯ್ತಲ್ಲ, ಇಪ್ಪತ್ತೊಂದು.”

ಡಾಕ್ಟರ್ ಕನ್ನಡಕ ಸರಿಮಾಡಿಕೊಂಡು ಎಣಿಸಿದರು. ಐವತ್ತೆರಡರ ವಯಸ್ಸಿನಲ್ಲಿ ಸಂದರ್ಶನದಲ್ಲಿ ತಲೆ ಬಗ್ಗಿಸಿ ಬೈತಲೆ ತೋರಿಸುತ್ತಾ ನಿಂತಿದ್ದೇನೆ ಎಂಬುದು ಅರ್ನೆಟಾಳಿಗೆ ಆ ಕ್ಷಣದಲ್ಲಿ ಹೊಳೆಯಿತು. ಅಮ್ಮ ನೋಡಿದ್ದರೆ ಏನನ್ನುತ್ತಿದ್ದಳೋ. ಆದರೆ ಎಣಿಕೆ ಮುಗಿಯುವವರೆಗೆ ಅವಳು ತಲೆ ಎತ್ತಲಿಲ್ಲ. ಅರ್ಧಕ್ಕೆ ಬಿಟ್ಟರೆ ತೋರಿಸಿದ್ದು ವ್ಯರ್ಥ.

“ಈಗ ಬಂದ ಪ್ರೂಯಿಟ್ ಹುಡುಗಿ ದಾಖಲೆ ನೋಡ್ಕೊಂಡೇ ಬಂದೆ,” ಎಂದರು ಡಾಕ್ಟರ್. “ಒಂದು ಗೆರೇಲೂ ಗಲೀಜಿಲ್ಲ. ಅದೂ ರದ್ದಾಗ್ತಿತ್ತಾ?”

“ಎಂಟೂ ಹತ್ತಕ್ಕೆ ರದ್ದಾಗಿತ್ತು ಸರ್.”

ಡಾಕ್ಟರ್ ಹಾಲ್ವರ್ಸನ್ ಕಡೆ ನೋಡಿದರು. ಹಾಲ್ವರ್ಸನ್ ಪೆನ್ನು ನೋಡುತ್ತಿದ್ದರು.

ಆ ಸಂಜೆ ಅರ್ನೆಟಾ ಫೋನಿನಲ್ಲಿ ಲವರ್ನ್‌ಗೆ ಎಲ್ಲ ಹೇಳಿದಳು.

“ಹಾಗೇ ಹೋದ್ಯಾ? ಬರೀ ತಲೇಲಿ? ಮೊದಲೇ ಹೇಳಿದ್ರೆ ಅಂಚಿಗಾದ್ರೂ ಚೆನ್ನಾಗಿ ಎಣ್ಣೆ ಹಚ್ತಿದ್ನಲ್ಲೇ. ಕತ್ತಿನ ಹತ್ರ ಒಂದು ಸಾಲು ಸೊಟ್ಟ ಆಗಿತ್ತು. ಪೌಲೆಟ್ ಇರ್ತಾಳಲ್ಲ ಅಂತ ಬಿಟ್ಟಿದ್ದೆ.”

“ಡಾಕ್ಟರ್ ಎಣಿಸಿದ್ರು. ಸೊಟ್ಟ ಅನ್ಲಿಲ್ಲ.”

“ಕೆಲಸ ಹೋಯ್ತು ಅಂದ್ಕೋ. ಮೂರನೇ ಸಲಾನೂ ಹೋಯ್ತು.”

“ಹೋದ್ರೆ ಹೋಗ್ಲಿ. ನಂಗೆ ನಿದ್ದೆ ಬರ್ತಿದೆ.”

ಮರುದಿನ ಬೆಳಿಗ್ಗೆ ಪೌಲೆಟ್ ಫೋಮ್ ತಲೆಯ ಮೇಲೆ ಕೂತಿದ್ದಳು. ಎರಡು ಸಲ ತೊಳೆದರೂ ಮುಂಗುರುಳಲ್ಲಿ ಬಿಳಿ ಗಂಟು ಉಳಿದಿತ್ತು. ಅರ್ನೆಟಾ ಅವಳನ್ನು ದಾಟಿ ಕೆಲಸಕ್ಕೆ ಹೋದಳು. ಆ ವಾರ ಇಪ್ಪತ್ತಮೂರು ಜನ ಅವಳ ಕೂದಲಿನ ಬಗ್ಗೆ ಏನಾದರೊಂದು ಹೇಳಿದರು. ಆರು ಜನ ಧೈರ್ಯ ಎಂದರು. ಲಿಫ್ಟಿನಲ್ಲಿ ಒಬ್ಬರು, ಹುಷಾರಿಲ್ಲವೇ, ಆಪರೇಷನ್ ಆಯಿತೇ ಎಂದು ಕೇಳಿದರು. ಕ್ಯಾಂಟೀನಿನ ಮಿಸ್ ಅರ್ಲೀನ್, ತಮ್ಮ ಕಪ್ಪು ಬಲೆಯ ಟೋಪಿಯ ಕೆಳಗಿನಿಂದ ನೋಡಿ, “ನಿಮ್ಮಮ್ಮ ನಿನ್ನನ್ನ ಹೀಗೆ ಹೊರಗೆ ಬಿಡ್ತಿದ್ಳಾ?” ಎಂದು ಗದರಿ, ಕಾರ್ನ್‌ಬ್ರೆಡ್ಡಿನ ಎರಡನೇ ತುಂಡನ್ನು ತಟ್ಟೆಗೆ ಹಾಕಿದರು. ಬ್ರಿನ್ ಬಂದು, “ಮುಟ್ಲಾ?” ಎಂದಳು. ಅರ್ನೆಟಾ ನೋಡಿದ ನೋಟಕ್ಕೆ ಕೈ ಹಿಂದಕ್ಕೆಳೆದುಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಅರ್ನೆಟಾಳೇ, “ಮುಟ್ಟೋದು ಬೇಡ, ಕಲ್ತ್ಕೋ. ಬೈತಲೆ ತೆಗೆಯೋದು ತೋರಿಸ್ತೀನಿ, ಕೂತ್ಕೋ,” ಎಂದಳು.

ಎರಡು ವಾರಕ್ಕೆ ಪತ್ರ ಬಂತು. ಮುಖ್ಯ ತಂತ್ರಜ್ಞೆ, ತಾತ್ಕಾಲಿಕ, ಆರು ತಿಂಗಳು, ಆಮೇಲೆ ಪರಿಶೀಲನೆ. ಹಾಲ್ವರ್ಸನ್ ಕೈ ಕುಲುಕಿ, “ಫೋಟೋ ಗುರುವಾರ. ಆವತ್ತಿಗೆ ನಿಮ್ಮ ಹಳೇ ಕೂದಲು ಹಾಕ್ಕೊಂಡ್ರೆ ಚೆನ್ನಾಗಿರುತ್ತೆ,” ಎಂದರು.

“ತೊಳೆದು ನೋಡ್ದೆ ಮ್ಯಾಮ್. ಸರಿಹೋಗ್ಲಿಲ್ಲ.”

“ಹೊಸದು ಸಿಗುತ್ತಲ್ವಾ?”

“ಸಿಗುತ್ತೆ,” ಎಂದಳು ಅರ್ನೆಟಾ. ತೆಗೆದುಕೊಳ್ಳುತ್ತೇನೆ ಎನ್ನಲಿಲ್ಲ. ಹಾಲ್ವರ್ಸನ್ ಕಾದರು. ಅರ್ನೆಟಾಳೂ ಕಾದಳು, ಕಾಯುವ ಅಭ್ಯಾಸ ಅವಳಿಗೇ ಹೆಚ್ಚಿತ್ತು. ಗುರುವಾರ ತೆಗೆದ ಫೋಟೋದಲ್ಲಿ ಆರು ಸಾಲುಜಡೆಯಿದೆ. ಈ ಸಲ ಲವರ್ನ್ ಕತ್ತಿನ ಹತ್ತಿರದ ಸಾಲನ್ನೂ ನೆಟ್ಟಗೆ ಹೆಣೆದಿದ್ದಳು, ಅದು ಫೋಟೋದಲ್ಲಿ ಕಾಣುವುದಿಲ್ಲ. ಅರ್ನೆಟಾಳ ಮುಖದಲ್ಲಿ ನಗುವಿಲ್ಲ. ಗಾಂಭೀರ್ಯ ಬೇಕಲ್ಲವೇ ಎಂದು ಅವಳು ಫೋಟೋದವನಿಗೆ ಹೇಳಿದಳಂತೆ.

ಹೊಸ ಕುರ್ಚಿಯಲ್ಲಿ ಕೂತು ಅವಳು ಮಾಡಿದ ಮೊದಲ ಕೆಲಸ ನಾಲ್ಕನೇ ಸಾಲನ್ನು ಹೊಡೆದುಹಾಕಿದ್ದು. ಅದರ ಜಾಗದಲ್ಲಿ ಏನು ಬರೆಯಬೇಕೆಂದು ಯೋಚಿಸಲು ಎರಡು ದಿನ ಹಿಡಿಯಿತು. ನಕ್ಷೆಯೊಂದನ್ನು ಹಾಳೆಯ ಹಿಂಬದಿಗೆ ಹಾಕಿದಳು. ಮುಂಬದಿಯಲ್ಲಿ ಹೀಗೆ ಬರೆದಳು: ‘ಜಡೆ ಬಿಚ್ಚಬೇಕಾಗಿಲ್ಲ. ಹೆಣೆಯುವ ಮೊದಲು, ಅಥವಾ ಈಗಾಗಲೇ ಹೆಣೆದಿದ್ದರೆ, ನಮಗೆ ಫೋನ್ ಮಾಡಿ.’ ಕೆಳಗೆ ತನ್ನ ಮೇಜಿನ ಫೋನಿನ ನಂಬರು.

ಹಾಳೆ ಹೋದ ಮರುವಾರ, ಬೆಳಗಿನ ಮೊದಲ ಮೂರು ಗಂಟೆಯಲ್ಲಿ ಹದಿನಾಲ್ಕು ಕರೆ ಬಂದವು. ಇಷ್ಟು ವರ್ಷ ನಿಂತು ಮಂಡಿ ನೋಯುತ್ತಿತ್ತು. ಈಗ ಕೂತು ಕಿವಿ ನೋಯತೊಡಗಿತು, ಅದೂ ಬಾಚಣಿಗೆ ಸುಟ್ಟ ಬಲಗಿವಿ. ಒಂಬತ್ತನೆಯ ಕರೆ ಒಜೆಲಾ ಪ್ರೂಯಿಟ್‌ಳದು. ಜಮಾಯಾ ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ, ಟೀಚರ್ ಅವಳನ್ನು ಮತ್ತೆ ಮುಂದಿನ ಬೆಂಚಿಗೆ ಕೂರಿಸಿದ್ದಾರೆ, ಸೊಕ್ಕಿನ ಮಾತಿಗೆ ಮಾತ್ರ ಕ್ಷಮೆ ಕೇಳಿಲ್ಲ. ಮುಂದಿನ ತಿಂಗಳು ಮತ್ತೆ ಪರೀಕ್ಷೆ ಇದೆ.

“ಪೌಲೆಟ್ ಹೇಗಿದಾಳೆ ಅಂತ ಕೇಳ್ತಿದಾಳೆ,” ಅಂದಳು ಒಜೆಲಾ.

“ಮನೇಲಿದಾಳೆ ಮ್ಯಾಮ್. ಕೆಲಸ ಬಿಟ್ಳು.”

ಫೋನಿಟ್ಟ ಕೂಡಲೇ ಮತ್ತೆ ಹೊಡೆದುಕೊಂಡಿತು. ಅರ್ನೆಟಾ ಶೂ ಕಳಚಿ, ಕಾಲನ್ನು ಮೇಜಿನ ಕೆಳಗೆ ಚಾಚಿ, ಪೆನ್ಸಿಲ್ ಕೈಗೆತ್ತಿಕೊಂಡಳು.

“ಹೌದು ಮ್ಯಾಮ್, ಸರಿಯಾದ ಜಾಗಕ್ಕೇ ಫೋನ್ ಮಾಡಿದ್ದೀರಿ. ಬಿಚ್ಬೇಡಿ. ಈಗ ಹೇಗೆ ಹೆಣೆದಿದೆ, ಹಣೆಯಿಂದ ಶುರುಮಾಡಿ ಹೇಳ್ತಾ ಹೋಗಿ.”